ಮೋಡೆಮ್ ಕಾಯ್ದ ಮಳೆಗಾಲ

ಬಿಸಿಯಾದ ಪ್ಲಾಸ್ಟಿಕ್ಕು ಮತ್ತು ಒದ್ದೆ ಗೋಡೆ ಎರಡೂ ಸೇರಿದರೆ ಒಂದು ವಾಸನೆ ಬರುತ್ತದೆ. ಮಳೆಗಾಲದಲ್ಲಿ ಸುಣ್ಣದ ಗೋಡೆಗೆ ಆನಿಸಿ, ದಿನಗಟ್ಟಲೆ ಆರಿಸದೆ ಬಿಟ್ಟ ಮೋಡೆಮ್ಮಿನ ಹತ್ತಿರ ಮಾತ್ರ ಸಿಗುವ ವಾಸನೆ ಅದು. ಹೋದ ವಾರ ಬೆಳಗಾವಿಯ ಅನಗೋಳದಲ್ಲಿ ನಮ್ಮ ಹಿಂದಿನ ಓಣಿಯವರು, "ಪಲ್ಲವಿ, ನೆಟ್ ಬರಾಕತ್ತಿಲ್ಲ, ಒಂದೀಟ ನೋಡಿ ಹೋಗವಾ" ಎಂದು ಕರೆದಿದ್ದರು. ಟಿವಿ ಕಪಾಟಿನ ಬಾಗಿಲು ತೆಗೆದು ಕೈ ಒಳಗೆ ಹಾಕಿದೆ, ಆ ವಾಸನೆ ಬಂತು. ನೆಟ್ಟು ಸರಿ ಮಾಡಿದೆ, ಚಹಾ ಕುಡಿದೆ, ಅವರ ಮಾತಿಗೆಲ್ಲ ಹೂಂ ಅಂದೆ. ಆದರೆ ಮನಸ್ಸು ಖಾನಾಪುರಕ್ಕೆ ಹೋಗಿಬಿಟ್ಟಿತ್ತು. ಆ ಒಂದು ಮಳೆಗಾಲಕ್ಕೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ನೆಟ್ಟಿನ ಕೆಲಸವನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಬಿ.ಎ. ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತದ್ದು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ವಿದ್ಯಾಳನ್ನು ಖಾನಾಪುರಕ್ಕೆ ಕೊಟ್ಟಿತ್ತು. ಆಕೆ ದಿನಾ ಬೆಳಿಗ್ಗೆ ಅಲ್ಲಿಂದ ಬೆಳಗಾವಿಗೆ ಬಂದು ನೆಹರು ನಗರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ರೋಗಿಗಳ ವರದಿ ಟೈಪ್ ಮಾಡಿ ಕಳಿಸುವ ಕೆಲಸ. ಬಸ್ಸಿನ ಕುಲುಕಾಟಕ್ಕೋ ಕುರ್ಚಿಗೋ ಗೊತ್ತಿಲ್ಲ, ಆಕೆಯ ಬೆನ್ನಿನ ಡಿಸ್ಕು ಜಾರಿತು. ಜೂನಿನಲ್ಲಿ ಆಪರೇಷನ್ ಆಯಿತು. ದಸರೆಯವರೆಗೂ ಮಲಗಿಯೇ ಇರಬೇಕು, ಬಚ್ಚಲಿಗೆ ಹೋಗುವುದೊಂದು ಬಿಟ್ಟರೆ ಏಳಬಾರದು ಎಂದು ಡಾಕ್ಟರು ಹೇಳಿದರು. ಭಾವ ಗೋವಾಕ್ಕೆ ಲಾರಿ ಓಡಿಸುತ್ತಾರೆ, ಮನೆಗೆ ಬರುವುದು ವಾರಕ್ಕೊಂದು ದಿನ. ಮನೆಯಲ್ಲಿದ್ದವರು ಅಕ್ಕನ ಅತ್ತೆ ಒಬ್ಬರೇ. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರಿಗೆ ಒಂದು ಮೊಣಕಾಲು ಮಡಿಸಲು ಬರುವುದಿಲ್ಲ. ಹಾಗಾಗಿ ಖಾಲಿ ಕೂತಿದ್ದ ನನ್ನನ್ನು ಎರಡು ಚೀಲದ ಜೊತೆ ಬಸ್ಸು ಹತ್ತಿಸಿದರು.

ಆರಿದ್ರ ಮಳೆ ಹಿಡಿದ ದಿನ ನಾನು ಹೋಗಿ ಇಳಿದೆ. ಬೆಳಗಾವಿಯಲ್ಲೂ ಮಳೆ ಬರುತ್ತದೆ, ಆದರೆ ನಡುನಡುವೆ ಉಸಿರು ಬಿಡುತ್ತದೆ. ಖಾನಾಪುರದಲ್ಲಿ ಅದು ಉಸಿರು ಬಿಡುವುದಿಲ್ಲ. ಮನೆ ಇದ್ದದ್ದು ಸ್ಟೇಷನ್ನಿನ ಕಡೆ ಒಂದು ಓಣಿಯಲ್ಲಿ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಕೈ ದಪ್ಪ. ಮುಂದೆ ಪಡಸಾಲೆ, ನಡುವೆ ಕಿಟಕಿಯೇ ಇಲ್ಲದ ಮಾಜಘರ, ಹಿಂದೆ ಅಡುಗೆಮನೆ. ಪಡಸಾಲೆಯ ಹಂಚು ಸೋರುತ್ತದೆ ಎಂದು ವಿದ್ಯಾಳ ಮಂಚವನ್ನು ಮಾಜಘರದಲ್ಲಿ ಹಾಕಿದ್ದರು. ಆಕೆಗೆ ಅಲ್ಲಿಂದ ಕಾಣುತ್ತಿದ್ದದ್ದು ಮೇಲಿನ ಜಂತಿಗಳು ಮಾತ್ರ.

"ಹನ್ನೊಂದು ಅದಾವ," ಅಂದಳು ವಿದ್ಯಾ, ನಾನು ಒಳಗೆ ಹೋದ ಕೂಡಲೆ. "ಎಡಕಿಂದ ಮೂರನೇದಕ್ಕ ಗೆದ್ದಲ ಹತ್ತೈತಿ. ಇನ್ನೇನರ ಕೇಳೂದಿದ್ರ ಕೇಳು, ಈ ಮನಿ ಮಾಳಿಗಿ ಬಗ್ಗೆ ನನಗ ಎಲ್ಲಾ ಗೊತ್ತೈತಿ."

ನಗಿಸಲು ಹೇಳಿದಳು, ಆದರೆ ಆಕೆ ನಗಲಿಲ್ಲ. ಆಫೀಸಿನ ಮೇಡಂ ಒಳ್ಳೆಯವರು, ಮನೆಯಿಂದಲೇ ಕೆಲಸ ಮಾಡಲು ಒಪ್ಪಿದ್ದರು. ಒಂದೇ ಕರಾರು. ದಿನಾ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಲಾಗಿನ್ ಆಗಿರಬೇಕು, ನಡುವೆ ಲೈನು ಹೋಗಬಾರದು. ಹೋಗುತ್ತಲೇ ಇದ್ದರೆ ಆ ಕುರ್ಚಿಗೆ ಬೇರೆಯವರನ್ನು ಕೂರಿಸುತ್ತಾರೆ.

"ಇದೊಂದು ಹೋತಂದ್ರ, ಪಲ್ಲು," ಅಂದಳು ವಿದ್ಯಾ, "ಬೆನ್ನ ನೆಟ್ಟಗಾದ ಮ್ಯಾಲೂ ನಾ ಈ ಮನ್ಯಾಗ ಜಂತಿ ಎಣಿಸಿಕೋತನ ಇರೂದು. ಮದುವಿ ಆದಾಗಿಂದ ನಂದು ಅನ್ನೂದು ಇದೊಂದ ಐತಿ."

ಅದಕ್ಕಾಗಿಯೇ ಭಾವ ಬ್ರಾಡ್‌ಬ್ಯಾಂಡ್ ಹಾಕಿಸಿ ಹೋಗಿದ್ದರು. ತೊಂದರೆ ಏನೆಂದರೆ, ಹಾಕಿದವನು ಮೋಡೆಮ್ಮನ್ನು ಪಡಸಾಲೆಯ ಬಾಗಿಲ ಪಕ್ಕ ಗೋಡೆಗೆ ಬಡಿದು ಹೋಗಿದ್ದ. ಅಲ್ಲಿ ನಿಂತರೆ ವೈಫೈ ಪೂರ್ತಿ. ಮಾಜಘರದ ಹೊಸ್ತಿಲು ದಾಟಿದರೆ ಒಂದು ಗೆರೆ. ವಿದ್ಯಾಳ ಮಂಚದ ಹತ್ತಿರ ಅದೂ ಇಲ್ಲ. ಮೊಬೈಲಿನ ನೆಟ್ಟೂ ಅಷ್ಟೇ, ಅಂಗಳಕ್ಕೆ ಹೋಗಿ ಛತ್ರಿ ಹಿಡಿದು ನಿಂತರೆ ಬರುತ್ತಿತ್ತು. ಕಲ್ಲಿನ ಗೋಡೆ ಮಳೆಯನ್ನೂ ತಡೆಯುತ್ತದೆ, ಸಿಗ್ನಲ್ಲನ್ನೂ ತಡೆಯುತ್ತದೆ. ಒಳಗಿದ್ದವರನ್ನೂ ತಡೆಯುತ್ತದೆ ಎಂದು ನನಗೆ ಅನ್ನಿಸಲು ಒಂದು ವಾರ ಸಾಕಾಯಿತು. ಹೊರಗೆ ಹೋಗಲು ಜಾಗ ಇಲ್ಲ, ಬಟ್ಟೆ ಒಣಗುವುದಿಲ್ಲ, ದೀಪ ಹಗಲಿಗೇ ಹಚ್ಚಬೇಕು. ಮೂರು ಹೆಂಗಸರು ಮೂರು ಕೋಣೆಯಲ್ಲಿ, ಹಂಚಿನ ಮೇಲೆ ಒಂದೇ ಸದ್ದು.

ನಾನು ಮೋಡೆಮ್ಮಿನ ಮುಂದೆ ಕೂತೆ. ಹೊತ್ತು ಕಳೆಯಲು ಅದೊಂದೇ ಇತ್ತು. ಅಂಗಳದಲ್ಲಿ ಛತ್ರಿ ಹಿಡಿದು ವಿಡಿಯೋ ಇಳಿಸಿಕೊಂಡು, ಒಳಗೆ ಬಂದು ನೋಡುವುದು. ಹೊಸ ಶಬ್ದ ಒಂದೊಂದು ಸಿಕ್ಕಾಗಲೂ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತಿತ್ತು. ಕೇಳಲು ಸಿಕ್ಕವರು ಆಯಿ.

"ಆಯಿ, ಈ ಕರೀ ತಂತಿ ಐತಲ್ಲ, ಇದರಾಗ ಕರೆಂಟ್ ಬರೂದಿಲ್ಲ, ಬೆಳಕ ಬರತೈತಿ. ಕೂದಲೆಳಿಯಷ್ಟು ಗಾಜಿನ ಎಳಿ ಐತಿ ಒಳಗ. ನಮ್ಮ ಲ್ಯಾಪ್‌ಟಾಪಿಗೆ ಬೆಳಕಿನ ಭಾಷಾ ತಿಳಿಯೂದಿಲ್ಲ. ಅದನ್ನ ಇದಕ್ಕ ತಿಳಿಯೂಹಂಗ ಮಾಡಿ ಹೇಳೂದ ಮೋಡೆಮ್."

ಆಯಿ ಹುರುಳಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. "ಅಂದ್ರ ನನ್ನಂಗ. ಮನ್ಯಾಗ ಮರಾಠಿ, ತಹಶೀಲ್ ಆಫೀಸಿನ್ಯಾಗ ಕನ್ನಡ. ನಮ್ಮ ಯಜಮಾನ್ರು ಇರೂತನಕ ಅಲ್ಲಿಗೆ ನನ್ನ ಮುಂದ ಮಾಡ್ಕೊಂಡ ಹೋಗ್ತಿದ್ರು."

ನನಗೆ ಯಾವ ವಿಡಿಯೋದಲ್ಲೂ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ರೂಟರ್ ಅಂದರೆ ಬಡಿಸುವವಳು ಎಂದೆ. ಬಂದದ್ದನ್ನು ಯಾರ ತಾಟಿಗೆ ಏನು ಎಂದು ನೋಡಿ ಹಾಕುವುದು ಅದರ ಕೆಲಸ. ಈ ಒಂದೇ ಡಬ್ಬಿಯೊಳಗೆ ಮೋಡೆಮ್ಮೂ ರೂಟರೂ ಎರಡೂ ಇವೆ. ಐಪಿ ಅಡ್ರೆಸ್ ಅಂದರೆ ಪಂಕ್ತಿಯಲ್ಲಿ ಕೂತವರ ತಾಟಿನ ನಂಬರು. ಆ ನಂಬರನ್ನು ತಾನೇ ಹಂಚುವುದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ.

"ಮಾತ ಭಾಳ ಆತು," ಅಂದರು ಆಯಿ. "ನನ್ನ ಸೊಸಿ ತಾಟಿಗೆ ಯಾಕ ಬೀಳವಲ್ದು ಅದನ್ನ ಹೇಳು ಪೋರಿ."

ಅನಗೋಳದ ನಮ್ಮ ಮನೆಯಲ್ಲಿ ಒಂದು ಹಳೆಯ ರೂಟರ್ ಧೂಳು ತಿನ್ನುತ್ತಿತ್ತು. ಅದನ್ನು ಅಪ್ಪ ಬಸ್ಸಿನವರ ಕೈಯಲ್ಲಿ ಕಳಿಸಿದರು, ಜೊತೆಗೆ ಉದ್ದದ ಒಂದು ಲ್ಯಾನ್ ಕೇಬಲ್ಲು. ಗೋಡೆ ಕೊರೆಯುವ ಹಾಗಿರಲಿಲ್ಲ. ಬಾಗಿಲ ಮೇಲಿನ ಗವಾಕ್ಷಿಯಿಂದ ಕೇಬಲ್ಲನ್ನು ತೂರಿಸಿ, ವಿದ್ಯಾಳ ತಲೆದೆಸೆಯ ಗೂಡಿನಲ್ಲಿ ಆ ರೂಟರ್ ಇಟ್ಟೆ. ಹಚ್ಚಿದೆ. ಒಂದು ನಿಮಿಷ ನೆಟ್ ಬಂತು, ಮರುನಿಮಿಷ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮೂರು ದಿನ ಹೀಗೇ. ವಿದ್ಯಾ ಮಲಗಿದಲ್ಲಿಂದಲೇ, "ಇದಕ್ಕಿಂತ ಬರದ ಇದ್ದಿದ್ರ ಚಲೋ ಇತ್ತು" ಅಂದಳು.

ನಾಲ್ಕನೆಯ ದಿನ ಹೊಳೆಯಿತು. ಎರಡೂ ಡಬ್ಬಿಗಳು ನಾನೇ ಯಜಮಾನತಿ ಎಂದು ನಂಬರು ಹಂಚುತ್ತಿವೆ, ಎರಡರ ಸ್ವಂತ ವಿಳಾಸವೂ ಒಂದೇ. ಅದನ್ನು ಆಯಿಗೆ ಹೇಳಿದೆ.

"ಒಂದ ಪಂಕ್ತಿಗೆ ಇಬ್ರು ಬಡಸಾಕ ನಿಂತ್ರ ಒಬ್ಬರಿಗೆ ಎರಡ ಸಲ ಪಲ್ಯಾ, ಒಬ್ಬರಿಗೆ ಬರೀ ಉಪ್ಪು," ಅಂದರು. "ಒಬ್ಬಾಕಿನ್ನ ಕೂಡ್ಸು."

ಹಾಗೇ ಮಾಡಿದೆ. ಹಳೆಯ ರೂಟರಿನ ಪುಟ ತೆರೆದು ಡಿಎಚ್‌ಸಿಪಿ ಬಂದ್ ಮಾಡಿದೆ, ಅದರ ವಿಳಾಸದ ಕೊನೆಯ ಒಂದನ್ನು ಎರಡು ಮಾಡಿದೆ, ಕೇಬಲ್ಲನ್ನು ಬೇರೆ ತೂತಿಗೆ ಚುಚ್ಚಿದೆ. ಅವತ್ತು ಮಧ್ಯಾಹ್ನ ವಿದ್ಯಾಳ ಲ್ಯಾಪ್‌ಟಾಪಿನಲ್ಲಿ ಗೆರೆಗಳು ಪೂರ್ತಿ ತುಂಬಿದವು. ಮರುದಿನ ಒಂಬತ್ತಕ್ಕೆ ಆಕೆ ಲಾಗಿನ್ ಆದಳು. ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಮಾಜಘರದಿಂದ ಟಕಟಕ ಸದ್ದು ಬಂದಾಗ ನಾನು ಪಡಸಾಲೆಯಲ್ಲಿ ಎದ್ದು ನಿಂತುಬಿಟ್ಟೆ. ಅಷ್ಟು ದಿನ ಮಳೆಯದೊಂದೇ ಸದ್ದಿದ್ದ ಮನೆ ಅದು.

ಜುಲೈ, ಆಗಸ್ಟು ಚೆನ್ನಾಗಿ ಹೋದವು. ಮನೆಯೊಳಗೇ ಕೊಳೆಯುತ್ತಿದ್ದೆವು, ಆದರೆ ಲೈನು ನಿಂತಿತ್ತು. ಆಯಿಗೆ ಒಂದು ಪದ್ಧತಿ ಇತ್ತು. ಗುಡುಗಿದರೆ ಮನೆಯಲ್ಲಿ ಒಂದು ಪ್ಲಗ್ಗೂ ಗೋಡೆಯಲ್ಲಿ ಉಳಿಯಬಾರದು. ಹಿಂದೊಮ್ಮೆ ಸಿಡಿಲು ಹೊಡೆದು ಅವರ ಟಿವಿ, ಬಾಜೂ ಮನೆಯವರ ಫ್ರಿಜ್ಜು ಎರಡೂ ಸುಟ್ಟಿದ್ದವಂತೆ. ಆರಿದ್ರ, ಪುನರ್ವಸು ಮಳೆ ಸುರಿಯುತ್ತವೆಯೇ ಹೊರತು ಗುಡುಗುವುದಿಲ್ಲ, ಆದ್ದರಿಂದ ಮೊದಲು ತಕರಾರು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಉತ್ತರೆ ಹತ್ತಿದ ಮೇಲೆ ಶುರುವಾಯಿತು. ವಿದ್ಯಾ ಅವರ ಜೊತೆ ಒಪ್ಪಂದ ಮಾಡಿಕೊಂಡಳು. ಒಂಬತ್ತರಿಂದ ಒಂದರವರೆಗೆ ಆಕಾಶವೇ ಬಿದ್ದರೂ ಮೋಡೆಮ್ಮನ್ನು ಮುಟ್ಟಬಾರದು, ಒಂದರ ನಂತರ ಆಯಿಯ ರಾಜ್ಯ. ಆಯಿ ಒಲ್ಲದ ಮನಸ್ಸಿನಿಂದ ಒಪ್ಪಿದರು, ಮಾತಿಗೆ ತಪ್ಪಲಿಲ್ಲ.

ಈಗ ನಾನು ಮಾಡಿದ್ದು.

ಮೋಡೆಮ್ಮಿನ ಒಳಗಿನ ಪುಟಕ್ಕೆ ಹೋಗುವ ಪಾಸ್‌ವರ್ಡನ್ನು ನಾನೇ ಬದಲಿಸಿದ್ದೆ. ವಿಡಿಯೋದವರು ಬದಲಿಸಿ ಅಂದಿದ್ದರು. ಬದಲಿಸಿದವಳು ಬರೆದಿಡಲಿಲ್ಲ, ಮರೆತೆ. ಒಳಗೆ ಹೋಗುವ ಅವಸರವೇನೂ ಇರಲಿಲ್ಲ. ವೈಫೈಗೆ ಒಂದು ಚಂದದ ಹೆಸರಿಡಬೇಕು ಅನ್ನಿಸಿತ್ತು, ಅಷ್ಟೇ. ಇನ್ನೊಂದು ವಿಡಿಯೋದಲ್ಲಿ, ಹಿಂದಿರುವ ಸಣ್ಣ ತೂತಿಗೆ ಪಿನ್ನು ಹಾಕಿ ಹತ್ತು ಎಣಿಸುವತನಕ ಒತ್ತಿ, ಎಲ್ಲ ಹೊಸದರಂತೆ ಆಗುತ್ತದೆ ಅಂದರು. ಒಂದು ಮಧ್ಯಾಹ್ನ ಎರಡು ಗಂಟೆಗೆ ವಿದ್ಯಾ ನಿದ್ದೆ ಹೋಗಿದ್ದಳು, ಆಯಿಗೂ ಊಟದ ಮೇಲೆ ಕಣ್ಣು ಹತ್ತಿತ್ತು. ದೂರದಲ್ಲಿ ಗುಡುಗುತ್ತಿತ್ತು. ದುಪಟ್ಟಾದ ಸೇಫ್ಟಿ ಪಿನ್ನು ತೆಗೆದು ಚುಚ್ಚಿ ಹತ್ತು ಎಣಿಸಿದೆ.

ಎಲ್ಲ ದೀಪ ಆರಿ, ಮತ್ತೆ ಹತ್ತಿದವು. ಪವರ್ ಹಸಿರು. ಬೆಳಕಿನ ತಂತಿಯ ದೀಪ ಹಸಿರು. ಇಂಟರ್ನೆಟ್ ಅನ್ನುವ ದೀಪ ಮಾತ್ರ ಕೆಂಪು. ಐದು ನಿಮಿಷ ಕಾದೆ, ಹತ್ತು ನಿಮಿಷ. ಆಗ ಅರ್ಥವಾಯಿತು. ಹೊಸದರಂತೆ ಆಗುವುದು ಅಂದರೆ ಹಾಕಿದವನು ಬಿಟ್ಟುಹೋದ ಸ್ಥಿತಿಗೆ ಬರುವುದಲ್ಲ, ಅಂಗಡಿಯಿಂದ ಬಂದಂತೆ ಆಗುವುದು. ಏನೂ ಗೊತ್ತಿಲ್ಲದಂತೆ. ಕಂಪನಿ ಕೊಟ್ಟ ಯೂಸರ್ ಹೆಸರು, ಪಾಸ್‌ವರ್ಡು, ವಿಲ್ಯಾನ್ ಎಂಬ ಒಂದು ನಂಬರು, ಈ ಮೂರನ್ನೂ ಒಳಗೆ ತುಂಬಿದ್ದರು. ಆ ನಂಬರು ಹೇಳದಿದ್ದರೆ ಕಂಪನಿಯ ಬಾಗಿಲು ತೆರೆಯುವುದಿಲ್ಲ. ಮೂರೂ ಅಳಿಸಿಹೋಗಿದ್ದವು, ಮೂರೂ ನನ್ನ ಹತ್ತಿರ ಇರಲಿಲ್ಲ.

ಅಷ್ಟರಲ್ಲಿ ಮನೆಯ ಮೇಲೆಯೇ ಬಿದ್ದಂತೆ ಗುಡುಗಿತು. ಆಯಿ ಗಡಬಡಿಸಿ ಎದ್ದು, ಗೋಡೆ ಹಿಡಿದುಕೊಂಡು ಬಂದು ಪ್ಲಗ್ಗು ಎಳೆದರು. ಮಳೆ ನಿಂತ ಮೇಲೆ ಹಚ್ಚಿದಾಗ ಕೆಂಪು ದೀಪ ನೋಡಿದರು.

"ಇದ್ಯಾಕ ಕೆಂಪಾತು?"

ನಾನು ಬಾಯಿ ತೆರೆದೆ. ಏನು ಹೇಳಬೇಕೆಂದಿದ್ದೆನೋ ಈಗಲೂ ಖಾತ್ರಿ ಇಲ್ಲ. ಆಯಿ ನನಗಿಂತ ಮೊದಲು ಹೇಳಿಬಿಟ್ಟರು. "ಸಿಡ್ಲ ಹೊಡೀತು. ನಾ ಮಲಗಿಬಿಟ್ಟೆ. ಅಯ್ಯ ದೇವಾ, ಒಂದ ಕೆಲಸಾ ನಂದು, ಅದಕ್ಕೂ ಮಲಗಿಬಿಟ್ಟೆ."

ಸಿಡಿಲು ಹೊಡೆದಿದ್ದರೆ ಉಳಿದ ಎರಡು ದೀಪ ಹಸಿರಾಗಿ ಇರುತ್ತಿರಲಿಲ್ಲ. ಅದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆ ದೀಪಗಳನ್ನು ಓದಲು ಬರುವವಳು ನಾನೊಬ್ಬಳೇ ಆಗಿದ್ದರಿಂದ ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಆಯಿ ಮಾಜಘರಕ್ಕೆ ಹೋಗಿ ಮಲಗಿದ್ದ ಸೊಸೆಯ ಮುಂದೆ ಕೈ ಮುಗಿದರು. "ವಿದ್ಯಾ, ನನ್ನಿಂದ ಆತವಾ." ವಿದ್ಯಾಳಿಗೆ ಏಳಲು ಬರುವ ಹಾಗಿಲ್ಲ. ಮಲಗಿದಲ್ಲೇ ಅವರ ಕೈ ಹಿಡಿದು ಇಳಿಸುತ್ತ, "ಬಿಡ್ರಿ ಆಯಿ, ಸಿಡಿಲಿಗೆ ನೀವೇನ ಮಾಡ್ತೀರಿ" ಅಂದಳು. ಹಾಗೆನ್ನುವಾಗ ಆಕೆ ಜಂತಿಯನ್ನು ನೋಡುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ.

ರಿಪೇರಿಯವನು ಬರಲು ಮೂರು ದಿನ ಹಿಡಿಯಿತು. ಗಾಳಿಗೆ ಮರ ಬಿದ್ದು ಊರಲ್ಲಿ ಎಷ್ಟೋ ಕಡೆ ತಂತಿ ಹರಿದಿತ್ತು. ಆ ಮೂರು ದಿನ ನಾನು ಅಂಗಳದ ಕಿಟಕಿಯ ಸರಳಿಗೆ ಮೊಬೈಲು ಕಟ್ಟಿ ವಿದ್ಯಾಳ ವರದಿ ಕಳಿಸಲು ನೋಡಿದೆ. ಒಂದು ಹೋದರೆ ಮೂರು ನಡುವೆ ನಿಲ್ಲುತ್ತಿದ್ದವು. ಮೇಡಂ ಫೋನು ಮಾಡಿ, ಇದೊಂದು ಸಲ ಸರಿ ಅಂದರು. ಮೂರೂ ದಿನ ಹೇಳಿಬಿಡಬೇಕು ಎಂದು ಬೆಳಿಗ್ಗೆ ಏಳುತ್ತಿದ್ದೆ. ಆಯಿ ನನ್ನ ಚಹಾಕ್ಕೆ ಶುಂಠಿ ಜಜ್ಜಿ ಹಾಕಿ ತಂದು ಕೊಡುತ್ತಿದ್ದರು. "ನೀ ಎಷ್ಟ ಕಷ್ಟಪಟ್ಟ ಹಚ್ಚಿದ್ದಿ, ನಾ ಕೆಡಿಸಿದೆ" ಅನ್ನುತ್ತಿದ್ದರು. ಆ ಚಹಾ ಕುಡಿದು ಹೇಳುವುದು ಹೇಗೆ. ಓಡಿಹೋಗೋಣವೆಂದರೆ ಎಲ್ಲಿಗೆ, ಬಾಗಿಲು ತೆಗೆದರೆ ಮಳೆ.

ಬಂದವರ ಹೆಸರು ಇಸ್ಮಾಯಿಲ್. ಭಾವನ ವಯಸ್ಸಿನವರು, ರೇನ್‌ಕೋಟಿನಿಂದ ನೀರು ಸುರಿಯುತ್ತ ಹೊಸ್ತಿಲಲ್ಲೇ ನಿಂತರು. ಆಯಿ ಅವರಿಗೆ ಟವೆಲ್ಲು ಕೊಡುತ್ತಲೇ ತಮ್ಮ ತಪ್ಪು ಹೇಳಿಕೊಂಡರು. ಇಸ್ಮಾಯಿಲ್ ದೀಪಗಳನ್ನು ನೋಡಿದರು, ಹಿಂದಿನ ತೂತು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ಮುಖದಲ್ಲಿ ಏನಿತ್ತೋ, ಅವರು ತಲೆ ತಗ್ಗಿಸಿ ಲ್ಯಾಪ್‌ಟಾಪು ತೆರೆದರು.

"ಸಿಡಿಲಿಗೆ ಯಾರೇನ ಮಾಡಾಕ ಬರತೈತಿ ಬಾಯಾರ," ಅಂದರು. "ಮಳಿಗಾಲದಾಗ ಆಗೂವ ಇವೆಲ್ಲಾ."

ಏಳೆಂಟು ನಿಮಿಷದಲ್ಲಿ ಹಸಿರು ದೀಪ ಬಂತು. ಹೋಗುವಾಗ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನನಗಷ್ಟೇ ಕೇಳುವಂತೆ, "ತಂಗಿ, ಪಿನ್ನ ಹಿಡಿಯೂಕಿಂತ ಮೊದಲ ಪೆನ್ನ ಹಿಡೀಬೇಕು. ಬರ್ಕೊ" ಅಂದು ಯೂಸರ್ ಹೆಸರು, ಪಾಸ್‌ವರ್ಡು, ವಿಲ್ಯಾನ್ ನಂಬರು ಮೂರನ್ನೂ ಹೇಳಿ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿದರು. ಉಪಕಾರ ಮಾಡಿದೆ ಎಂದೇ ಅವರು ಅಂದುಕೊಂಡರು. ನಾನೂ ಒಂದು ದಿನದ ಮಟ್ಟಿಗೆ ಹಾಗೇ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಆಯಿ ಅಡುಗೆಮನೆಯ ಸ್ಟೂಲು ತಂದು ಮೋಡೆಮ್ಮಿನ ಕೆಳಗೆ ಹಾಕಿಕೊಂಡು ಕೂತರು. ಬಾಗಿಲಿನಿಂದ ಆಕಾಶ ಕಾಣುವ ಹಾಗೆ. ಹಸ್ತ ಮಳೆ ಹತ್ತಿತ್ತು, ಅದು ಗುಡುಗದೆ ಬರುವುದೇ ಇಲ್ಲ. ಹತ್ತು ಗಂಟೆಗೆ ಲೋಂಡಾ ಕಡೆ ಎಲ್ಲೋ ಗುರ್ ಅಂದಿತು. ಆಯಿ ಪ್ಲಗ್ಗು ಎಳೆದರು.

ಮಾಜಘರದಿಂದ ವಿದ್ಯಾ ಕೂಗಿದಳು. "ಲೈನ್ ಹೋತು."

"ನಾ ತಗದೇನಿ," ಅಂದರು ಆಯಿ. "ಹತ್ತ ನಿಮಿಷ ಹೋದ್ರ ಹೋಗ್ಲಿ. ಮತ್ತ ಮೂರ ದಿನ ಹೋಗೂದು ಬ್ಯಾಡ."

"ಒಂದರತನಾ ಮುಟ್ಟೂದಿಲ್ಲ ಅಂದಿದ್ರಿ ಆಯಿ."

"ಅಂದಿದ್ದೆ. ಆವಾಗ ಸಿಡ್ಲ ಹೊಡೆದಿದ್ದಿಲ್ಲ."

ಈ ಮಾತಿಗೆ ಉತ್ತರ ಇದ್ದದ್ದು ನನ್ನ ಹತ್ತಿರ. ಎಳೆದು ಮತ್ತೆ ಹಚ್ಚಿದರೆ ಲೈನು ಬರಲು ಐದು ನಿಮಿಷ ಬೇಕು, ಅರ್ಧ ಹೋಗಿದ್ದ ವರದಿ ಮತ್ತೆ ಮೊದಲಿನಿಂದ. ಆ ವಾರ ದಿನಕ್ಕೆ ಎರಡು ಸಲ, ಒಂದು ದಿನ ನಾಲ್ಕು ಸಲ. ಆಯಿ ಮಡಿಸಲಾಗದ ಮೊಣಕಾಲನ್ನು ಉದ್ದ ಚಾಚಿಕೊಂಡು, ಸ್ವಿಚ್ಚಿಗೆ ಕೈ ಎಟಕುವ ಹಾಗೆ ಕೂತೇ ಇರುತ್ತಿದ್ದರು. ಹುರುಳಿ, ಸೊಪ್ಪು, ಹೊಲಿಗೆ ಎಲ್ಲ ಅಲ್ಲಿಗೇ ಬಂದವು. ಚಳಿಗೆ ಕಾಲು ಬಾತುಕೊಂಡಿತ್ತು. ಏಳಿ ಅಂದರೆ, "ಒಮ್ಮಿ ಮಲಗಿ ಏನಾತು ನೋಡಿಲ್ಲೇನ" ಅನ್ನುತ್ತಿದ್ದರು.

ಶುಕ್ರವಾರ ಮೇಡಂ ಫೋನು ಮಾಡಿದರು. ಮುಂದಿನ ವಾರ ಇಡೀ ಲೈನು ನಿಲ್ಲಬೇಕು, ಇಲ್ಲದಿದ್ದರೆ ದಸರೆಯ ನಂತರ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ, ನನಗೂ ಮೇಲಿನವರಿದ್ದಾರೆ ಎಂದರು. ಫೋನು ಇಟ್ಟ ವಿದ್ಯಾ ಆಯಿಗೆ ಕೇಳುವಂತೆಯೇ ಅಂದಳು. "ಸಿಡ್ಲ ಮೋಡೆಮ್ ಸುಡತೈತೋ ಇಲ್ಲೋ ಗೊತ್ತಿಲ್ಲ. ನನ್ನ ನೌಕರಿ ಅಂತೂ ನೀವ ಸುಟ್ರಿ ಆಯಿ."

ಆಯಿ ಸ್ಟೂಲಿನಿಂದ ಏಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಆಕಾಶ ನೋಡುತ್ತ ಕೂತರು.

ಆಗ ಹೇಳಿದೆ. ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ಪಿನ್ನು, ತೂತು, ಹತ್ತು ಎಣಿಸಿದ್ದು, ಎಲ್ಲ ಹೇಳಿದೆ. ಆಯಿ ನನ್ನ ತಲೆ ಸವರಿದರು.

"ಶಾಣ್ಯಾ ಪೋರಿ. ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಕಥಿ ಕಟ್ಟಿದಿ."

"ಖರೇ ಆಯಿ. ನಾನ ಮಾಡಿದ್ದು."

"ಇಸ್ಮಾಯಿಲ್ ಸುಳ್ಳ ಹೇಳ್ತಾನೇನ? ಅವರಪ್ಪನಿಂದ ಗೊತ್ತ ನನಗ. ನೀ ಏಳು, ಚಹಾಕ್ಕ ಇಡು."

ಮಾಜಘರದಲ್ಲಿ ವಿದ್ಯಾ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಒಳಗೆ ಹೋದಾಗ ಗೋಡೆಯ ಕಡೆ ಮುಖ ಮಾಡಿದ್ದಳು. ಆಕೆ ಒಂದು ಕ್ಷಣವೂ ಅನುಮಾನಿಸಲಿಲ್ಲ, ಚಿಕ್ಕಂದಿನಿಂದ ನನ್ನನ್ನು ಬಲ್ಲವಳು. ನಾನು ಬಾಯಿ ತೆರೆಯುವ ಮೊದಲೇ, "ನನ್ನ ಮುಂದ ಅಳಬ್ಯಾಡ" ಅಂದಳು. "ನನಗ ಹೇಳಿ ಏನೂ ಉಪೇಗಿಲ್ಲ. ಆಯಿ ನಂಬೂಹಂಗ ಮಾಡು. ಸೋಮವಾರ ಒಂಬತ್ತರೊಳಗ."

ಭಾನುವಾರ ಆಫೀಸು ಇರುವುದಿಲ್ಲ. ಅವತ್ತು ಬೆಳಿಗ್ಗೆ ಆಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, "ಆಕಾಶ ನೋಡ್ರಿ, ಗುಡುಗೈತೇನ?" ಎಂದು ಕೇಳಿದೆ. ಸಣ್ಣಗೆ ಹನಿಯುತ್ತಿತ್ತು, ಗುಡುಗಿರಲಿಲ್ಲ. "ಇಲ್ಲ," ಅಂದರು. "ದೀಪ ನೋಡ್ರಿ." ಮೂರೂ ಹಸಿರು. ಅವರ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಕೇಳಿ ಇಸಿದುಕೊಂಡೆ. ತೂತಿಗೆ ಹಾಕಿ ಗಟ್ಟಿಯಾಗಿ ಹತ್ತು ಎಣಿಸಿದೆ.

ದೀಪ ಆರಿದವು. ಹತ್ತಿದವು. ಹಸಿರು, ಹಸಿರು, ಕೆಂಪು.

ಆಯಿ ತಲೆ ಎತ್ತಿ ದೀಪಗಳನ್ನು ಒಂದೊಂದಾಗಿ ನೋಡಿದರು. "ಆವತ್ತೂ ಹಿಂಗ ಇತ್ತು," ಅಂದರು.

"ಹಿಂಗ ಇತ್ರಿ."

ಅರ್ಧ ಕೆಲಸ ಅಷ್ಟೇ ಆಗಿತ್ತು. ಇನ್ನರ್ಧ ಆಗದಿದ್ದರೆ ಸೋಮವಾರ ಒಂಬತ್ತಕ್ಕೆ ಲೈನಿಲ್ಲ, ವಿದ್ಯಾಳ ನೌಕರಿ ನನ್ನ ಕೈಯಿಂದಲೇ ಹೋಗುತ್ತದೆ. ವಿದ್ಯಾಳ ಲ್ಯಾಪ್‌ಟಾಪನ್ನು ತಂದು ತಂತಿಯಿಂದ ಮೋಡೆಮ್ಮಿಗೆ ಜೋಡಿಸಿದೆ. ಮೋಡೆಮ್ಮಿನ ವಿಳಾಸ ಬರೆದು, ಡಬ್ಬಿಯ ಅಡಿಯ ಚೀಟಿಯಲ್ಲಿದ್ದ ಪಾಸ್‌ವರ್ಡು ಹಾಕಿ ಒಳಗೆ ಹೋದೆ. ವ್ಯಾನ್ ಅನ್ನುವ ಪುಟ, ಅಂದರೆ ಮನೆಯಿಂದ ಹೊರಗೆ ಹೋಗುವ ದಾರಿ. ಯೂಸರ್ ಹೆಸರು ಹಾಕಿದೆ. ಪಾಸ್‌ವರ್ಡು ಹಾಕಿದೆ. ಉಳಿಸು ಎಂದು ಒತ್ತಿದೆ.

ಕೆಂಪು.

"ಬಂತೇನ?" ಮಾಜಘರದಿಂದ ವಿದ್ಯಾ.

"ತಡಿ."

ಮತ್ತೆ ಮೊದಲಿನಿಂದ ಹಾಕಿದೆ. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ನೋಡಿದೆ. ಕೆಂಪು. ಆಯಿ ನನ್ನ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅದರ ಮೇಲೆ ಬೆರಳಾಡಿಸುತ್ತ ಅಂದರು, "ಇಲ್ಲಿ ಮೂರ ಸಾಲ ಅದಾವಲ್ಲ. ನೀ ಎರಡ ಸಾಲ ಮಾತ್ರ ಹಾಕಿದಿ."

ವಿಲ್ಯಾನ್. ಆ ನಂಬರಿನ ಜಾಗ ಮುಚ್ಚಿಕೊಂಡಿತ್ತು, ಪಕ್ಕದ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ತೆರೆಯುತ್ತದೆ. ಗುರುತು ಹಾಕಿದೆ, ನಂಬರು ತುಂಬಿದೆ, ಒತ್ತಿದೆ. ದೀಪ ಕೆಂಪಾಗಿಯೇ ಇತ್ತು. ಆಮೇಲೆ ಆರಿತು. ಆಮೇಲೆ ಹಸಿರಾಯಿತು.

ವೈಫೈಗೆ ಹಳೆಯ ಹೆಸರನ್ನೇ ಕೊಟ್ಟೆ. ಮಾಜಘರದಲ್ಲಿ ಮೊಬೈಲು ನೋಡುತ್ತಿದ್ದ ವಿದ್ಯಾ, "ಬಂತು" ಅಂದಳು.

ಆಯಿ ನೋಟ್‌ಬುಕ್ಕು ಮುಚ್ಚಿದರು. "ಹಂಗಾದ್ರ ನಾ ಮಲಗಿದ್ದಕ್ಕ ಏನೂ ಆಗಿರಲಿಲ್ಲ."

"ಇಲ್ಲ ಆಯಿ."

"ನಾ ಆಕಿ ಮುಂದ ಕೈ ಮುಗಿದಾಗ ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಗೋಡೆ ಹಿಡಿದು ಎದ್ದರು, ಬಾತ ಕಾಲನ್ನು ಎಳೆದುಕೊಂಡು ಅಡುಗೆಮನೆಯ ಕಡೆ ಹೋಗುತ್ತ, ತಿರುಗಿ ನೋಡದೆ ಅಂದರು. "ಸ್ಟೂಲ ಅಲ್ಲೇ ಇರ್ಲಿ. ನಾಳೆ ಗುಡುಗಿದ್ರ, ಯಾರಿಗೆ ಎಲ್ಲಾ ಗೊತ್ತೈತೋ ಅವರ ಕುಂದ್ರಲಿ."

ಅವತ್ತು ನನ್ನ ಚಹಾ ನಾನೇ ಮಾಡಿಕೊಂಡೆ.

ಸೋಮವಾರ ಒಂಬತ್ತಕ್ಕೆ ವಿದ್ಯಾ ಲಾಗಿನ್ ಆದಳು. ನಾನು ಸ್ಟೂಲಿನ ಮೇಲೆ ಕೂತೆ. ಹತ್ತೂವರೆಗೆ ಬೆಳಕು ಕಂದಿತು. ಮೊದಲು ದೂರ ಗುಡುಗಿತು, ಆಮೇಲೆ ಸ್ಟೇಷನ್ನಿನ ಆಚೆ, ಆಮೇಲೆ ಹತ್ತಿರ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಆಯಿ ಹೊರಗೆ ಬರಲಿಲ್ಲ. ನನಗೆ ಆಗ ತಿಳಿದದ್ದೆಂದರೆ ನನಗೆ ಎಲ್ಲ ಗೊತ್ತಿಲ್ಲ ಎಂಬುದು. ಗಾಜಿನ ತಂತಿಯೊಳಗೆ ಸಿಡಿಲು ಬರುವುದಿಲ್ಲ, ಸರಿ. ಪ್ಲಗ್ಗಿನ ತಂತಿಯೊಳಗೆ ಬರಬಹುದು. ಆಯಿಯ ಟಿವಿ ಖರೇನೇ ಸುಟ್ಟಿತ್ತು. ಎಳೆದರೆ ವಿದ್ಯಾಳ ವಾರ ಹೋಯಿತು. ಎಳೆಯದೆ ಇದ್ದು ನಿಜವಾಗಿಯೂ ಹೊಡೆದರೆ ಮೋಡೆಮ್ಮೇ ಹೋಯಿತು, ಆಗ ಯಾರೂ ಏಳೆಂಟು ನಿಮಿಷದಲ್ಲಿ ಸರಿ ಮಾಡಲಾರರು. ಇಷ್ಟು ದಿನ ಆಯಿ ಈ ಜಾಗದಲ್ಲಿ ಕೂತು ಏನು ಅನುಭವಿಸುತ್ತಿದ್ದರೆಂದು ನನ್ನ ಕೈಗೆ ಗೊತ್ತಾಯಿತು. ಕೈ ಪ್ಲಗ್ಗಿನ ಮೇಲೆಯೇ ಇತ್ತು. ಮಿಂಚಿದಾಗೆಲ್ಲ ಗುಡುಗು ಕೇಳುವತನಕ ಎಣಿಸಿದೆ. ಒಳಗೆ ಟಕಟಕ ನಿಲ್ಲಲಿಲ್ಲ. ಎಳೆಯಲಿಲ್ಲ, ಕೈ ತೆಗೆಯಲೂ ಇಲ್ಲ.

ಒಂದು ಗಂಟೆಗೆ ಮಾಜಘರದಲ್ಲಿ ಲ್ಯಾಪ್‌ಟಾಪು ಮುಚ್ಚಿದ ಸದ್ದಾಯಿತು. ಹೊರಗೆ ಇನ್ನೂ ಗುಡುಗುತ್ತಿತ್ತು. ಆಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದರು, ನನ್ನ ಕೈಯನ್ನು ಬದಿಗೆ ಸರಿಸಿ ಪ್ಲಗ್ಗನ್ನು ತಾವೇ ಎಳೆದರು.

"ಏಳು," ಅಂದರು. "ತಾಟ ಹಾಕೇನಿ."